ನಕ್ಕವರೇ ಕಟಕಟೆಯಲ್ಲಿ

ಒಂಬತ್ತು ವರ್ಷ ಜನರನ್ನು ನಗಿಸಿದ ಹಾಸ್ಯ ಧಾರಾವಾಹಿಯೊಂದು ಮುಗಿಯುವ ದಿನ ತನ್ನ ನಾಲ್ಕೂ ಮುಖ್ಯ ಪಾತ್ರಗಳನ್ನು ಜೈಲಿಗೆ ಕಳಿಸಿತು. ಮದುವೆಯಿಲ್ಲ, ಅಗಲಿಕೆಯ ಕಣ್ಣೀರಿಲ್ಲ, ತಪ್ಪಾಯಿತು ಎಂಬ ಒಂದು ಮಾತೂ ಇಲ್ಲ. 1998ರ ಮೇ 14ರ ರಾತ್ರಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂದ 'ಸೈನ್‌ಫೆಲ್ಡ್'ನ ಆ ಕೊನೆಯ ಕಂತನ್ನು ಏಳೂವರೆ ಕೋಟಿಗೂ ಹೆಚ್ಚು ಜನ ನೋಡಿದರು. ನೋಡಿದವರಲ್ಲಿ ಬಹಳ ಮಂದಿ ಬೈದರು. ಕಾಲು ಶತಮಾನ ದಾಟಿದ ಮೇಲೂ ಕೆಟ್ಟದಾಗಿ ಮುಗಿದ ಧಾರಾವಾಹಿಗಳ ಪಟ್ಟಿಯನ್ನು ಯಾರು ಮಾಡಲಿ, ಈ ಹೆಸರು ಅದರಲ್ಲಿ ಇದ್ದೇ ಇರುತ್ತದೆ. ಆದರೆ ಆ ಮುಕ್ತಾಯ ಸರಿಯಾಗಿತ್ತು ಎಂಬುದು ನನ್ನ ವಾದ. ಹಾಗೆ ವಾದಿಸಲು ನ್ಯೂಯಾರ್ಕಿನವರಿಗಿಂತ ಹಾವೇರಿ ಕಡೆಯ ನಮಗೇ ಹೆಚ್ಚು ಕಾರಣಗಳಿವೆ.

ನೋಡದವರಿಗಾಗಿ ಒಂದಿಷ್ಟು ಹಿನ್ನೆಲೆ. ಜೆರ್ರಿ ಸೈನ್‌ಫೆಲ್ಡ್ ಮತ್ತು ಲ್ಯಾರಿ ಡೇವಿಡ್ ಎಂಬಿಬ್ಬರು ಹಾಸ್ಯಗಾರರು ಸೇರಿ ಕಟ್ಟಿದ ಧಾರಾವಾಹಿ ಇದು. ಮೊದಲ ಕಂತು ಬಂದದ್ದು 1989ರ ಜುಲೈ 5ರಂದು. ಒಟ್ಟು ಕಂತುಗಳು 180. ನ್ಯೂಯಾರ್ಕಿನ ನಾಲ್ವರು ಗೆಳೆಯರು ಇದರ ಜೀವಾಳ. ವೇದಿಕೆ ಮೇಲೆ ನಿಂತು ನಗಿಸುವ ಕಸುಬಿನ ಜೆರ್ರಿ, ಸುಳ್ಳು ಹೇಳದೆ ದಿನ ಕಳೆಯಲಾಗದ ಜಾರ್ಜ್, ಯಾರಿಗೂ ಸೊಪ್ಪು ಹಾಕದ ಇಲೇನ್, ಎದುರು ಮನೆಯಿಂದ ಬಾಗಿಲು ತಟ್ಟದೆ ನುಗ್ಗುವ ಕ್ರೇಮರ್. ಕತೆ ಎನ್ನುವಂಥದ್ದು ಏನೂ ಇಲ್ಲ. ಹೋಟೆಲಿನಲ್ಲಿ ಟೇಬಲ್ಲಿಗೆ ಕಾಯುವುದರಲ್ಲಿ ಒಂದು ಕಂತು ಕಳೆಯುತ್ತದೆ, ಕಾರು ನಿಲ್ಲಿಸಿದ ಜಾಗ ಮರೆತು ಅಲೆಯುವುದರಲ್ಲಿ ಇನ್ನೊಂದು. ಯಾರೂ ಯಾರನ್ನೂ ಅಪ್ಪಿಕೊಳ್ಳಬಾರದು, ಯಾರೂ ಏನನ್ನೂ ಕಲಿಯಬಾರದು ಎಂಬುದು ಬರೆಯುವವರಿಗೆ ಲ್ಯಾರಿ ಡೇವಿಡ್ ಹಾಕಿಕೊಟ್ಟ ಕಟ್ಟಳೆ. 2021ರ ಅಕ್ಟೋಬರಿನಿಂದ ಎಲ್ಲ ಕಂತುಗಳೂ ನೆಟ್‌ಫ್ಲಿಕ್ಸ್‌ನಲ್ಲಿ ಸಿಗುವುದರಿಂದ ರಾಣೆಬೆನ್ನೂರಿನ ಹಾಸ್ಟೆಲ್ ಹುಡುಗರಿಗೂ ಇದು ಈಗ ದೂರದ ವಸ್ತುವಲ್ಲ.

ಕೊನೆಯ ಕಂತಿನಲ್ಲಿ ನಡೆಯುವುದು ಇಷ್ಟು. ಜೆರ್ರಿ ಮತ್ತು ಜಾರ್ಜ್ ಬರೆದ ಧಾರಾವಾಹಿಯನ್ನು ವಾಹಿನಿ ಒಪ್ಪಿಕೊಂಡಿರುತ್ತದೆ. ಆ ಖುಷಿಗೆ ನಾಲ್ವರೂ ವಾಹಿನಿಯ ಖಾಸಗಿ ವಿಮಾನದಲ್ಲಿ ಪ್ಯಾರಿಸ್ಸಿಗೆ ಹೊರಡುತ್ತಾರೆ. ಕ್ರೇಮರನ ಮಂಗಾಟದಿಂದ ವಿಮಾನ ಮ್ಯಾಸಚೂಸೆಟ್ಸಿನ ಲೇಥಮ್ ಎಂಬ ಸಣ್ಣ ಊರಲ್ಲಿ ಇಳಿಯಬೇಕಾಗುತ್ತದೆ. ಅಲ್ಲಿ ಬೀದಿಯಲ್ಲಿ ಒಬ್ಬ ದಪ್ಪನೆಯ ಮನುಷ್ಯನಿಗೆ ಕಳ್ಳ ಪಿಸ್ತೂಲು ತೋರಿಸಿ ದೋಚುತ್ತಿದ್ದಾನೆ. ಇವರು ಕೂಗುವುದಿಲ್ಲ, ಪೊಲೀಸರನ್ನು ಕರೆಯುವುದಿಲ್ಲ. ಅವನ ಗಾತ್ರದ ಮೇಲೆ ಜೋಕು ಮಾಡುತ್ತ ನಿಲ್ಲುತ್ತಾರೆ; ಕ್ರೇಮರ್ ವಿಡಿಯೋ ಕ್ಯಾಮೆರಾದಲ್ಲಿ ಎಲ್ಲವನ್ನೂ ಹಿಡಿಯುತ್ತಾನೆ. ಆ ಊರಲ್ಲಿ ಹೊಸ ಕಾಯ್ದೆಯೊಂದು ಬಂದಿರುತ್ತದೆ: ಅಪಾಯದಲ್ಲಿರುವವನಿಗೆ ಕೈಲಾದ ಸಹಾಯ ಮಾಡದೆ ನೋಡುತ್ತ ನಿಲ್ಲುವುದೂ ಅಪರಾಧ. ನಾಲ್ವರ ಬಂಧನವಾಗುತ್ತದೆ. ಇವರು ಎಂಥ ಜನ ಎಂದು ಸಾಬೀತು ಮಾಡಲು ಸರಕಾರಿ ವಕೀಲ ಒಂಬತ್ತು ವರ್ಷಗಳಲ್ಲಿ ಇವರಿಂದ ನೊಂದವರನ್ನೆಲ್ಲ ಹುಡುಕಿ ಕರೆತಂದು ಸಾಕ್ಷಿ ಹೇಳಿಸುತ್ತಾನೆ. ತೀರ್ಪು: ಒಂದು ವರ್ಷ ಸೆರೆವಾಸ.

ಬೈದವರ ತಕರಾರುಗಳನ್ನು ತಳ್ಳಿಹಾಕುವ ಹಾಗಿಲ್ಲ. ಹಳೆಯ ಪಾತ್ರಗಳನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ, ಹಳೆಯ ದೃಶ್ಯಗಳ ತುಣುಕು ತೋರಿಸುತ್ತ ಹೋದದ್ದರಿಂದ ನಗು ಕಡಿಮೆಯಾಯಿತು ಎಂದರು. ಇದು ನಿಜ. ಆ ರಾತ್ರಿ ಈ ಕಂತಿಗೆ ಮುಂಚೆಯೇ ಹಳೆಯ ತುಣುಕುಗಳ ಬೇರೊಂದು ಕಂತನ್ನೂ ತೋರಿಸಿದ್ದರು, ಜನಕ್ಕೆ ಸಾಕಾಗಿತ್ತು. ಬಿಗಿ ಸಾಲದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸಿಟ್ಟಿನ ಮೂಲ ಬಿಗಿಯ ಕೊರತೆಯಲ್ಲ. ಬಿಗಿಯಿಲ್ಲದ ಕಂತನ್ನು ಜನ ಮರೆಯುತ್ತಾರೆ, ಕಾಲು ಶತಮಾನ ಬೈಯುವುದಿಲ್ಲ. ನಿಜವಾದ ಸಿಟ್ಟು ಬೇರೆ: ಒಂಬತ್ತು ವರ್ಷ ನಮ್ಮವರೆಂದು ಮನೆಯೊಳಗೆ ಬಿಟ್ಟುಕೊಂಡವರನ್ನು ಕೊನೆಗೆ ಕೆಟ್ಟವರೆಂದು ಸಾರಿಬಿಟ್ಟರಲ್ಲ, ನೀತಿಪಾಠವೇ ಇಲ್ಲದಿದ್ದ ಧಾರಾವಾಹಿ ಕೊನೆಯ ಗಳಿಗೆಯಲ್ಲಿ ನೀತಿ ಹೇಳಲು ಹೊರಟಿತಲ್ಲ ಎಂಬುದು. ಎರಡಕ್ಕೂ ಉತ್ತರ ಆ ಧಾರಾವಾಹಿಯೊಳಗೇ ಇದೆ.

ಬಾಬು ಭಟ್‌ನನ್ನು ನೋಡೋಣ. ಮೂರನೆಯ ಸರಣಿಯಲ್ಲಿ, 1991ರಲ್ಲಿ, ಜೆರ್ರಿಯ ಮನೆಯೆದುರು ಪಾಕಿಸ್ತಾನದ ಬಾಬು ಒಂದು ಹೋಟೆಲು ತೆರೆಯುತ್ತಾನೆ. ಎಲ್ಲ ದೇಶದ ತಿಂಡಿಯನ್ನೂ ಇಟ್ಟು ಗಿರಾಕಿಗಾಗಿ ಬಾಗಿಲು ಕಾಯುವ ಅವನನ್ನು ಕಂಡು ಜೆರ್ರಿಗೆ ಕನಿಕರ. ನಿಮ್ಮ ದೇಶದ ಅಡುಗೆಯನ್ನಷ್ಟೇ ಮಾಡಿ, ಜನ ಬರುತ್ತಾರೆ ಎಂದು ಉಪದೇಶಿಸುತ್ತಾನೆ. ಬಾಬು ಇದ್ದ ದುಡ್ಡು ಸುರಿದು ಹೋಟೆಲಿನ ರೂಪವನ್ನೇ ಬದಲಿಸುತ್ತಾನೆ. ಜನ ಬರುವುದಿಲ್ಲ, ಹೋಟೆಲು ಮುಚ್ಚುತ್ತದೆ. 1993ರಲ್ಲಿ ಬಾಬು ಮತ್ತೆ ಬರುತ್ತಾನೆ. ಈ ಸಲ ಜೆರ್ರಿಯೇ ಅವನಿಗೆ ಕೆಲಸ ಕೊಡಿಸಿ, ತನ್ನ ಕಟ್ಟಡದಲ್ಲೇ ಮನೆ ಮಾಡಿಸಿಕೊಟ್ಟಿದ್ದಾನೆ. ಬಾಬುವಿನ ವೀಸಾ ನವೀಕರಣದ ಕಾಗದ ತಪ್ಪಿ ಜೆರ್ರಿಯ ಟಪಾಲಿನಲ್ಲಿ ಸೇರುತ್ತದೆ. ಜೆರ್ರಿ ಊರಲ್ಲಿರುವುದಿಲ್ಲ, ಟಪಾಲು ತೆಗೆದಿಟ್ಟ ಇಲೇನ್ ಅದನ್ನು ಸಮಯಕ್ಕೆ ಕೊಡುವುದಿಲ್ಲ. ಬಾಬುವನ್ನು ಹಿಡಿದು ದೇಶದಿಂದ ಹೊರಗೆ ಕಳಿಸುತ್ತಾರೆ. ಎರಡು ಸಲವೂ ಬಾಬು ತೋರುಬೆರಳು ಆಡಿಸುತ್ತ, ನೀನು ಬಹಳ ಕೆಟ್ಟವನು ಎಂದು ಮುರುಕು ಇಂಗ್ಲಿಷಿನಲ್ಲಿ ಜೆರ್ರಿಯನ್ನು ಬೈಯುತ್ತಾನೆ. ನೋಡುಗರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಆ ಬೆರಳು, ಆ ಉಚ್ಚಾರ ಅಮೆರಿಕದಲ್ಲಿ ಮನೆಮಾತಾಯಿತು.

ಕೊನೆಯ ಕಂತಿನಲ್ಲಿ ಇದೇ ಬಾಬು ಪಾಕಿಸ್ತಾನದಿಂದ ಬಂದು ಸಾಕ್ಷಿಯ ಕಟ್ಟೆಯ ಮೇಲೆ ನಿಲ್ಲುತ್ತಾನೆ. ಅದೇ ಬೆರಳು, ಅದೇ ಮಾತು, ಅದೇ ಉಚ್ಚಾರ. ಒಂದಕ್ಷರ ಬದಲಾಗಿಲ್ಲ, ಆದರೆ ಈಗ ಅದು ಹೇಳಿಕೆ; ನ್ಯಾಯಾಲಯ ಬರೆದುಕೊಳ್ಳುತ್ತಿದೆ. ಹೋಟೆಲು ಹೋದದ್ದು, ಕೆಲಸ ಹೋದದ್ದು, ದೇಶ ಬಿಡಬೇಕಾದದ್ದು ಬಾಬುವಿನ ಮಟ್ಟಿಗೆ ಎಂದೂ ತಮಾಷೆಯಾಗಿರಲಿಲ್ಲ. ಅವನ ಮಾತು ಮೊದಲ ದಿನದಿಂದಲೂ ನಿಜವೇ ಆಗಿತ್ತು, ನಾವು ಕೇಳಿಸಿಕೊಂಡಿರಲಿಲ್ಲ ಅಷ್ಟೆ.

ಸೂಸನ್‌ಳ ಸಾವು ಇನ್ನೂ ಕಠಿಣ. ಜಾರ್ಜ್ ಮದುವೆಯಾಗಬೇಕಿದ್ದ ಹುಡುಗಿ ಅವಳು. ಮದುವೆಯಿಂದ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದ ಜಾರ್ಜ್ ಆಮಂತ್ರಣಕ್ಕೆ ಅತಿ ಅಗ್ಗದ ಲಕೋಟೆ ಆರಿಸುತ್ತಾನೆ. ನೂರಾರು ಲಕೋಟೆಗಳ ಅಂಟನ್ನು ನಾಲಿಗೆಯಿಂದ ನೆಕ್ಕಿ ಅಂಟಿಸಿದ ಸೂಸನ್ ಆ ಅಂಟಿನ ವಿಷಕ್ಕೆ ಸಾಯುತ್ತಾಳೆ. ಆಸ್ಪತ್ರೆಯಲ್ಲಿ ಸುದ್ದಿ ಕೇಳಿದ ನಾಲ್ವರು ಒಂದು ಗಳಿಗೆ ಮುಖ ಮುಖ ನೋಡಿಕೊಂಡು, ಕಾಫಿ ಕುಡಿಯಲು ಹೋಗುತ್ತಾರೆ. 1996ರಲ್ಲಿ ಇದು ಪ್ರಸಾರವಾದಾಗ ಗಾಬರಿಯಾದವರು ಇದ್ದರು. ಆದರೂ ಮುಂದೆ ಎರಡು ಸರಣಿ ಎಲ್ಲರೂ ನೋಡಿದರು, ನಕ್ಕರು. ಕೊನೆಯ ಕಂತಿನಲ್ಲಿ ಆ ಆಸ್ಪತ್ರೆಯ ವೈದ್ಯನೂ ಬರುತ್ತಾನೆ. ಸಾವಿನ ಸುದ್ದಿ ಹೇಳಿದಾಗ ಜಾರ್ಜನ ಮುಖದಲ್ಲಿ ತಾನು ಕಂಡದ್ದು ದುಃಖವಲ್ಲ, ಅದುಮಿಟ್ಟ ಸಂತೋಷ ಎನ್ನುತ್ತಾನೆ. ನಾವೂ ಅದನ್ನು ಎರಡು ವರ್ಷದ ಹಿಂದೆಯೇ ಕಂಡಿದ್ದೆವು.

ಹಾಗಾಗಿ ಕೊನೆಯ ಗಳಿಗೆಯಲ್ಲಿ ನೀತಿ ತಂದು ತುರುಕಿದರು ಎಂಬ ಮಾತು ನಿಲ್ಲುವುದಿಲ್ಲ. ನೀತಿಯ ಪ್ರಶ್ನೆ ಪ್ರತಿ ಕಂತಿನಲ್ಲೂ ಇತ್ತು. ಮುದುಕಿಯ ಕೈಯಿಂದ ಬ್ರೆಡ್ಡು ಕಸಿದು ಓಡುವ ಜೆರ್ರಿಯನ್ನು ನೋಡಿ ನಗುವಾಗ ನಾವು ಆ ಮುದುಕಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊನೆಯ ಕಂತು ಹೊಸದಾಗಿ ಏನನ್ನೂ ಹೇಳಲಿಲ್ಲ. ಹಳೆಯದನ್ನೇ ಮುದುಕಿಯ ಕಡೆಯಿಂದ, ಬಾಬುವಿನ ಕಡೆಯಿಂದ, ಸೂಸನ್‌ಳ ಕಡೆಯಿಂದ ಮತ್ತೊಮ್ಮೆ ಹೇಳಿತು. ಕಟಕಟೆಯಲ್ಲಿ ನಿಂತವರು ನಾಲ್ವರಾದರೂ ಆರೋಪಿಗಳು ಏಳೂವರೆ ಕೋಟಿ. ಅದು ಜನಕ್ಕೆ ನಾಟಿತು, ಅದಕ್ಕೇ ಸಿಟ್ಟು ಬಂತು.

ನಮ್ಮ ಕಡೆಯ ನೋಡುಗನಿಗೆ ಈ ನಾಟುವಿಕೆ ಬೇರೆ ಥರದ್ದು. ಬೆಂಗಳೂರಿನಲ್ಲಿ ತಯಾರಾಗುವ ಧಾರಾವಾಹಿಗಳಲ್ಲಿ, ಸಿನಿಮಾಗಳಲ್ಲಿ ನಮ್ಮ ಮಾತು ಯಾರ ಬಾಯಲ್ಲಿ ಬರುತ್ತದೆ ಎಂದು ಗಮನಿಸಿ. ಅಡುಗೆಯವನು, ವಾಚ್‌ಮನ್, ಊರಿಂದ ಗಂಟು ಹೊತ್ತು ಬಂದ ದೂರದ ಮಾವ. ನಾಯಕ ಪ್ರೀತಿ ಹೇಳುವುದು, ನಾಯಕಿ ಅಳುವುದು, ವಕೀಲ ವಾದ ಮಾಡುವುದು ಬೆಂಗಳೂರು-ಮೈಸೂರಿನ ಕನ್ನಡದಲ್ಲಿ. "ಹೌದ್ರೀ ಯಜಮಾನ್ರ, ನೀವು ಹೇಳಿದ್ಹಂಗ ಮಾಡೇನ್ರೀ" ಎಂದು ಒಬ್ಬ ಬಾಯಿ ತೆರೆದರೆ ಸಾಕು, ಹಿಂದೆ ಡುಂಯ್ ಎಂದು ಒಂದು ಸದ್ದು, ನಗು. ಅವನು ಹೇಳಿದ್ದರಲ್ಲಿ ತಮಾಷೆ ಏನೂ ಇರುವುದಿಲ್ಲ, ಹೇಳಿದ ರೀತಿಯೇ ತಮಾಷೆ. ಅದೇ ಮಾತಿನಲ್ಲಿ ಬ್ಯಾಡಗಿಯ ಎಪಿಎಂಸಿಯಲ್ಲಿ ಕೋಟಿಗಟ್ಟಲೆ ರೂಪಾಯಿಯ ಮೆಣಸಿನಕಾಯಿ ವಹಿವಾಟು ನಡೆಯುತ್ತದೆ, ಹಾವೇರಿಯ ಕೋರ್ಟಿನ ಆವರಣದಲ್ಲಿ ಕಕ್ಷಿದಾರ ತನ್ನ ಹೊಲದ ತಕರಾರನ್ನು ವಕೀಲರಿಗೆ ಬಿಡಿಸಿ ಹೇಳುತ್ತಾನೆ, ಮಗಳ ಮದುವೆಯ ಮಾತುಕತೆ ಮುಗಿಯುತ್ತದೆ, ಹೆಣದ ಮುಂದೆ ಅಳುವುದೂ ಅದರಲ್ಲೇ. ತೆರೆಯ ಮೇಲೆ ಮಾತ್ರ ಅದು ಬಾಬುವಿನ ಬೆರಳು.

ಬಾಬು ಸಾಕ್ಷಿ ಹೇಳಲು ಎದ್ದು ನಿಂತಾಗ ಹಾವೇರಿಯ ನೋಡುಗ ಯಾರ ಪಕ್ಕದಲ್ಲಿರಬೇಕು ಎಂಬುದು ಇದರಿಂದ ಸ್ಪಷ್ಟ. ಆದರೆ ಸಾಕ್ಷಿಯಾಗಿಯಷ್ಟೇ ನಿಂತು ಮನೆಗೆ ಹೋಗುವ ಹಾಗಿಲ್ಲ, ನಾವೂ ನಕ್ಕವರೇ. ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್ ಕಡೆಯ ಜಾತ್ರೆಗಳಲ್ಲಿ ಟೆಂಟು ಹಾಕುವ ಕಂಪನಿ ನಾಟಕಗಳ ಹಾಸ್ಯ ಪ್ರವೇಶಗಳನ್ನು ನೆನೆದುಕೊಳ್ಳಿ. ತೊದಲುವ ಆಳು, ಕಪ್ಪಗಿರುವ ಹೆಂಡತಿ, ದಪ್ಪ ಅತ್ತೆ, ಕಿವುಡ ಮಾವ. ಗದ್ಯದ ಕತೆ ಬೇಸರ ಬಂತೆನ್ನುವಾಗ ಇವರು ಬರುತ್ತಾರೆ, ಸಿಳ್ಳೆ ಬೀಳುತ್ತದೆ, "ಒನ್ಸ್ ಮೋರ್" ಕೂಗು ಏಳುತ್ತದೆ. ಟೆಂಟಿನ ನೆಲದ ಮೇಲೆ ಕೂತವರಲ್ಲಿ ತೊದಲುವವರು, ಕಿವುಡರು ಇರುವುದಿಲ್ಲವೇ? ಬೆಂಗಳೂರು ನಮ್ಮ ಮಾತಿಗೆ ನಕ್ಕಂತೆ ನಾವು ನಮಗಿಂತ ಕೈಲಾಗದವರನ್ನು ಹುಡುಕಿಕೊಂಡು ನಕ್ಕಿದ್ದೇವೆ.

ಹೀಗೆಂದು ನಗುವುದೇ ಪಾಪ ಎನ್ನಲು ನಾನು ಹೊರಟಿಲ್ಲ. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು, ನಮ್ಮೆಲ್ಲರ ಚಂಪಾ, ಇದೇ ನೆಲದ ಮಾತಿನಲ್ಲಿ ಜೀವನವಿಡೀ ಗೇಲಿ ಮಾಡಿದರು. ಅವರ ಗೇಲಿ ಹೋದದ್ದು ಮಠ, ಮಂತ್ರಿ, ಪ್ರಾಧ್ಯಾಪಕರ ಕಡೆಗೆ; ತುರ್ತು ಪರಿಸ್ಥಿತಿಯಲ್ಲಿ ಜೈಲೂ ಕಂಡರು. ನಮ್ಮ ಮಾತು ಹಾಸ್ಯಕ್ಕೆ ಒದಗುತ್ತದೆ ಎಂಬುದು ಅವಮಾನವಲ್ಲ, ಆ ಮಾತಿನವನು ಯಾವಾಗಲೂ ಹಾಸ್ಯಕ್ಕೆ ಗುರಿಯಾಗಿಯೇ ನಿಲ್ಲಬೇಕು ಎಂಬುದು ಅವಮಾನ. ನಗು ಯಾರ ಲೆಕ್ಕಕ್ಕೆ ಖರ್ಚು ಬೀಳುತ್ತದೆ ಎಂದು ಹಾಸ್ಯಗಾರ ಒಂದಲ್ಲ ಒಂದು ದಿನ ತೋರಿಸಬೇಕಾಗುತ್ತದೆ. ಲ್ಯಾರಿ ಡೇವಿಡ್ ಏಳನೆಯ ಸರಣಿಯ ನಂತರ ಧಾರಾವಾಹಿ ಬಿಟ್ಟು ಹೋಗಿದ್ದವರು, ಈ ಲೆಕ್ಕ ಬರೆಯಲೆಂದೇ ಎಂಬಂತೆ ಕೊನೆಯ ಕಂತಿಗೆ ಮರಳಿ ಬಂದರು.

ನಮ್ಮ ಕನ್ನಡದ ಹಾಸ್ಯ ಧಾರಾವಾಹಿಗಳಿಗೆ ಈ ಲೆಕ್ಕದ ದಿನವೇ ಬರಲಿಲ್ಲ. ಈಟಿವಿ ಕನ್ನಡದಲ್ಲಿ ಬರುತ್ತಿದ್ದ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಮನೆ ಮನೆಯ ಮಾತಾಗಿದ್ದವು. ಶ್ರೀಮತಿಯ ಕೈಯಲ್ಲಿ ಪಾಂಡು ಒದೆ ತಿನ್ನದೆ, ಸಮಾಜಸೇವಕಿ ಲಲಿತಾಂಬ ಭಾಷಣ ಬಿಗಿಯದೆ ಸಂಜೆಯಾಗುತ್ತಿರಲಿಲ್ಲ. ಅವು ಹೇಗೆ ಮುಗಿದವು ಎಂದು ಈಗ ಕೇಳಿದರೆ ಅಭಿಮಾನಿಗಳಲ್ಲೂ ಬಹುತೇಕರಿಗೆ ನೆನಪಾಗುವುದಿಲ್ಲ. 'ಪಾಪ ಪಾಂಡು' 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಶುರುವಾಯಿತು. ಅದೇ ಪಾಂಡು, ಅದೇ ಏಟು. ಗಂಭೀರ ಧಾರಾವಾಹಿಗಳದ್ದೂ ಇದೇ ಪಾಡು. ಟಿ.ಎನ್. ಸೀತಾರಾಮ್ ಮತ್ತು ಗೆಳೆಯರು ಚಂದನದಲ್ಲಿ ಕೊಟ್ಟ 'ಮಾಯಾಮೃಗ' 2022ರಲ್ಲಿ 'ಮತ್ತೆ ಮಾಯಾಮೃಗ'ವಾಗಿ ಮರಳಿತು. ಅವರದೇ 'ಮಗಳು ಜಾನಕಿ' 2020ರ ಲಾಕ್‌ಡೌನಿಗೆ ಸಿಕ್ಕಿ ಮುಕ್ತಾಯವನ್ನೇ ಕಾಣದೆ ನಿಂತಿತು.

ಇದಕ್ಕೆ ಬರಹಗಾರರನ್ನು ದೂರಿ ಉಪಯೋಗವಿಲ್ಲ, ದಿನದ ಧಾರಾವಾಹಿಯ ವ್ಯವಸ್ಥೆಯೇ ಹಾಗಿದೆ. ಟಿಆರ್‌ಪಿ ಅಂಕಿ ಗುರುವಾರ ಬರುತ್ತದೆ. ಅಂಕಿ ಚೆನ್ನಾಗಿದ್ದರೆ ಕತೆ ಮುಗಿಸುವ ಹಾಗಿಲ್ಲ; ಸತ್ತವರು ಎದ್ದು ಬರುತ್ತಾರೆ, ಅವಳಿಗಳು ಹುಟ್ಟಿಕೊಳ್ಳುತ್ತಾರೆ, ನೆನಪಿನ ಶಕ್ತಿ ಹೋಗುತ್ತದೆ. ಅಂಕಿ ಇಳಿಯಿತೋ, ಇಷ್ಟು ದಿನದಲ್ಲಿ ಕಟ್ಟಿಬಿಡಿ ಎಂಬ ಫರ್ಮಾನು ಬರುತ್ತದೆ. ಎರಡು ವರ್ಷ ವಿಷ ಹಾಕಿದವಳು, ಅಪಹರಣ ಮಾಡಿಸಿದವಳು ಒಂದೇ ವಾರದಲ್ಲಿ ಕಾಲಿಗೆ ಬಿದ್ದು ಅಳುತ್ತಾಳೆ. ಮನೆಮಂದಿಯೆಲ್ಲ ಸಾಲಾಗಿ ನಿಂತು ಕ್ಯಾಮೆರಾ ಕಡೆ ನೋಡಿ ನಗುತ್ತಾರೆ. ಇಂಥ ಮುಕ್ತಾಯಕ್ಕೆ ಯಾರೂ ಬೈಯುವುದಿಲ್ಲ, ಯಾರೂ ನೆನೆಯುವುದೂ ಇಲ್ಲ. ಈ ಹಿನ್ನೆಲೆಯಲ್ಲಿ 'ಸೈನ್‌ಫೆಲ್ಡ್' ಮಾಡಿದ್ದು ಎಷ್ಟು ದೊಡ್ಡದು ನೋಡಿ. ಬೇಡಿಕೆ ತುತ್ತತುದಿಯಲ್ಲಿದ್ದಾಗ ತಾನಾಗಿಯೇ ನಿಲ್ಲಿಸಿದರು, ನಿಲ್ಲಿಸುವಾಗ ಯಾರನ್ನೂ ಕಾಲಿಗೆ ಬೀಳಿಸಲಿಲ್ಲ.

ಆ ಕೊನೆಯ ದೃಶ್ಯ ಜೈಲಿನ ಕೋಣೆಯಲ್ಲಿ. ಜೆರ್ರಿ ಜಾರ್ಜನ ಅಂಗಿಯ ಗುಂಡಿ ನೋಡಿ, ಆ ಎರಡನೆಯ ಗುಂಡಿ ಇರಬೇಕಾದ ಜಾಗದಲ್ಲಿಲ್ಲ, ಅಂಗಿಯ ಅಂದಗೇಡಿತನವೆಲ್ಲ ಅದರಿಂದಲೇ ಎನ್ನುತ್ತಾನೆ. ಈ ಮಾತು ನಾವು ಹಿಂದೆ ಆಡಿದ್ದೆವಲ್ಲ ಎಂದು ಜಾರ್ಜ್ ಕೇಳುತ್ತಾನೆ. ಆಡಿದ್ದರು, 1989ರ ಮೊದಲ ಕಂತಿನ ಮೊದಲ ಮಾತುಕತೆಯೇ ಅದು. ಶಿಕ್ಷೆಯಾಯಿತು, ಬುದ್ಧಿ ಬರಲಿಲ್ಲ. ಇದನ್ನು ನೀತಿಪಾಠ ಎನ್ನುವವರು ನೀತಿಪಾಠಗಳನ್ನು ಸರಿಯಾಗಿ ಕೇಳಿಲ್ಲ. ನೀತಿಪಾಠದಲ್ಲಿ ತಪ್ಪಿತಸ್ಥ ಕೊನೆಗೆ ಬದಲಾಗುತ್ತಾನೆ, ನೋಡಿದವರಿಗೆ ಸಮಾಧಾನವಾಗುತ್ತದೆ, ಎದ್ದು ಊಟಕ್ಕೆ ಹೋಗಬಹುದು. ಇಲ್ಲಿ ಯಾರೂ ಏನನ್ನೂ ಕಲಿಯಬಾರದು ಎಂಬ ಮೊದಲ ದಿನದ ಕಟ್ಟಳೆಯನ್ನು ಕೊನೆಯ ನಿಮಿಷದವರೆಗೂ ಬಿಡಲಿಲ್ಲ. ಕಲಿಯುವುದಿದ್ದರೆ ನೋಡುಗರು ಕಲಿಯಲಿ ಎಂದು ಬಿಟ್ಟರು.

ಕಹಿ ಮುಕ್ತಾಯಕ್ಕೆ ಜನ ಒಗ್ಗುವುದಿಲ್ಲ ಎಂಬುದು ವಾಹಿನಿಗಳ ನಂಬಿಕೆ. ಉತ್ತರ ಕರ್ನಾಟಕದ ಸಣ್ಣಾಟ ನೋಡಿದವರು ಇದನ್ನು ನಂಬಲಾರರು. 'ಸಂಗ್ಯಾ ಬಾಳ್ಯಾ' ಬೈಲಹೊಂಗಲದಲ್ಲಿ ನಡೆದ ಘಟನೆಯ ಮೇಲೆ ಕಟ್ಟಿದ ಆಟ. ಸಂಗ್ಯಾನ ಕೊಲೆಯಾಗುತ್ತದೆ, ಜೀವದ ಗೆಳೆಯ ಬಾಳ್ಯಾನೇ ಅವನನ್ನು ಬಿಟ್ಟುಕೊಡುತ್ತಾನೆ ಎಂದು ಆಟ ನೋಡಲು ಬಂದವರಿಗೆಲ್ಲ ಮೊದಲೇ ಗೊತ್ತು. ಆದರೂ ಬೆಳತನಕ ಕೂರುತ್ತಾರೆ. ಬಾಳ್ಯಾನಿಗೆ ಪಶ್ಚಾತ್ತಾಪ ಬರಿಸಿ ಸಂಗ್ಯಾನನ್ನು ಉಳಿಸಿರಿ ಎಂದು ಯಾರೂ ಕೇಳಲಿಲ್ಲ. ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿ ಒಂದೇ ಸಾಲಿನ ಕಾರಣಿಕ ನುಡಿದು ಇಳಿದುಬಿಡುತ್ತಾನೆ. ಆ ಸಾಲು ಮಳೆ ಬೆಳೆಗೆ ಶುಭವಾಗಿರಲಿ ಎಂದು ಬಯಸಿಯೇ ಸಾವಿರಾರು ಜನ ನಿಂತಿರುತ್ತಾರೆ. ಬಯಸಿದ್ದು ಬರದಿದ್ದರೆ ವರ್ಷವಿಡೀ ಅರ್ಥ ಹುಡುಕುತ್ತಾರೆಯೇ ಹೊರತು ಇನ್ನೊಮ್ಮೆ ನುಡಿಸಿರಿ ಎನ್ನುವುದಿಲ್ಲ. ಒಂದು ಕತೆಯ ಕೊನೆಯನ್ನೂ ಹೀಗೆ ಕೇಳಿಸಿಕೊಳ್ಳುವ ತಾಳ್ಮೆ ಈ ಜನಕ್ಕೆ ಇದೆ. ವಾಹಿನಿಗಳು ಆ ತಾಳ್ಮೆಗೆ ಕೆಲಸ ಕೊಟ್ಟಿಲ್ಲ.

ಇನ್ನೊಂದು ಕಾರಣಕ್ಕೂ ಈ ಕಂತನ್ನು ಈಗ ಮತ್ತೆ ನೋಡಬೇಕು. 1998ರಲ್ಲಿ, ಒಬ್ಬನನ್ನು ದೋಚುವಾಗ ಕ್ಯಾಮೆರಾ ಹಿಡಿದು ನಿಲ್ಲುವ ಕ್ರೇಮರ್ ಒಂದು ಅತಿರೇಕವಾಗಿದ್ದ. ಈಗ ಅವನು ಎಲ್ಲ ಕಡೆ ಇದ್ದಾನೆ. ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಹೋಗುವ ಪುಣೆ-ಬೆಂಗಳೂರು ಹೆದ್ದಾರಿ, ಈಗಿನ ರಾಷ್ಟ್ರೀಯ ಹೆದ್ದಾರಿ 48, ಎಷ್ಟು ಜೀವ ತೆಗೆದಿದೆ ಎಂದು ದಾರಿಯ ಊರುಗಳಿಗೆ ಗೊತ್ತು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ನಿಂತ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಮಂದಿ ತೀರಿಕೊಂಡ ನೋವು ಇನ್ನೂ ಹಸಿಯಾಗಿದೆ. ಓಡಿ ಬಂದು ಗಾಯಾಳುವನ್ನು ಎತ್ತುವವರು ಈ ರಸ್ತೆಯ ಊರುಗಳಲ್ಲಿ ಇದ್ದಾರೆ. ಆದರೆ ಇಂದು ದೇಶದ ಯಾವುದೇ ಹೆದ್ದಾರಿಯಲ್ಲಿ ಅಪಘಾತವಾಗಲಿ, ಗಾಯಾಳುವಿನ ಕಡೆ ಚಾಚಿದ ಕೈಗಳ ಜೊತೆಗೆ ಮೊಬೈಲು ಹಿಡಿದು ಚಾಚಿದ ಕೈಗಳೂ ಕಾಣುತ್ತವೆ. ಆಂಬುಲೆನ್ಸಿಗಿಂತ ಮೊದಲು ವಿಡಿಯೋ ವಾಟ್ಸ್‌ಆ್ಯಪ್ ಗುಂಪು ತಲುಪುತ್ತದೆ.

ಲೇಥಮ್ಮಿನ ಕಾಯ್ದೆಯ ದಾರಿ ನಮ್ಮದಲ್ಲ. ಫ್ರಾನ್ಸಿನಲ್ಲಿ ನಿಜಕ್ಕೂ ಅಂಥ ಕಾನೂನು ಇದೆ, ಅಮೆರಿಕದ ವರ್ಮಾಂಟ್ ರಾಜ್ಯದಲ್ಲೂ ಇದೆ. ನಮ್ಮದು ಸಹಾಯ ಮಾಡಿದವನ ಬೆನ್ನಿಗೆ ನಿಲ್ಲುವ ಕಾನೂನು. ಗಾಯಾಳುವನ್ನು ಆಸ್ಪತ್ರೆಗೆ ಒಯ್ದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾಗುತ್ತದೆ ಎಂಬ ಹೆದರಿಕೆ ಹೋಗಲಾಡಿಸಲು ಕರ್ನಾಟಕ 2016ರಲ್ಲೇ ಕಾಯ್ದೆ ಮಾಡಿತು. ರಾಷ್ಟ್ರಪತಿಗಳ ಅಂಕಿತ 2018ರಲ್ಲಿ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿ ಇಡೀ ದೇಶಕ್ಕೆ ಇಂಥ ರಕ್ಷಣೆ ಬಂತು. 2021ರಲ್ಲಿ ಕೇಂದ್ರ ಸರಕಾರ ಇಂಥವರಿಗೆ 5,000 ರೂಪಾಯಿ ಬಹುಮಾನ ಇಟ್ಟಿತು, ಮುಂದೆ ಅದನ್ನು 25,000ಕ್ಕೆ ಏರಿಸಿತು. ಇದೇ ಸರಿಯಾದ ದಾರಿ, ನಿಂತು ನೋಡಿದವನನ್ನೆಲ್ಲ ಜೈಲಿಗೆ ಹಾಕುವುದು ನ್ಯಾಯವೂ ಅಲ್ಲ, ಸಾಧ್ಯವೂ ಇಲ್ಲ. ಆದರೆ ಕಾನೂನು ಕೇಳಲಾಗದ ಪ್ರಶ್ನೆಯನ್ನು ಹಾಸ್ಯ ಕೇಳಬಹುದು. ಹೆದರಿ ಸುಮ್ಮನಿದ್ದವನನ್ನು ಕಾನೂನು ಕ್ಷಮಿಸಲಿ. ನಗುತ್ತ ಚಿತ್ರ ತೆಗೆದವನ ಮುಖವನ್ನು ಅವನಿಗೇ ತೋರಿಸಲು ಲ್ಯಾರಿ ಡೇವಿಡ್ ಇಲ್ಲದ ಊರಿನಲ್ಲಿ ಇಲ್ಲದ ಕಾಯ್ದೆ ಕಟ್ಟಬೇಕಾಯಿತು. ಒಂದು ವರ್ಷ ಶಿಕ್ಷೆ ಅತಿಯಾಯಿತು ಎನ್ನುವವರು, ಆ ನ್ಯಾಯಾಧೀಶನ ಹೆಸರು ಜಾರ್ಜ್ ವರ್ಷಗಟ್ಟಲೆ ಸುಳ್ಳು ಹೇಳಲು ಬಳಸಿದ 'ವ್ಯಾಂಡಲೇ' ಎಂಬುದೇ ಆಗಿತ್ತೆಂದು ನೆನಪಿಡಲಿ. ಅವನ ಸುಳ್ಳೇ ಪೀಠ ಏರಿ ಕೂತಿತ್ತು.

ಜನ ಬೈದ ಮುಕ್ತಾಯಗಳೆಲ್ಲ ಒಳ್ಳೆಯವು ಎಂದು ಇದರ ಅರ್ಥವಲ್ಲ. 'ಹೌ ಐ ಮೆಟ್ ಯುವರ್ ಮದರ್' ಎಂಬ ಧಾರಾವಾಹಿಯೂ ಒಂಬತ್ತು ಸರಣಿ ನಡೆದು 2014ರ ಮಾರ್ಚ್ 31ರಂದು ಬೈಗುಳದ ನಡುವೆ ಮುಗಿಯಿತು. ಅಪ್ಪ ಮಕ್ಕಳಿಗೆ ಕತೆ ಹೇಳುವ ಆ ಧಾರಾವಾಹಿಯಲ್ಲಿ ಮಕ್ಕಳ ಕೊನೆಯ ಮಾತುಗಳನ್ನು ಅವರು ದೊಡ್ಡವರಾಗಿಬಿಡುತ್ತಾರೆಂದು ಬಹಳ ಹಿಂದೆಯೇ ಚಿತ್ರೀಕರಿಸಿ ಇಟ್ಟಿದ್ದರು. ಅಷ್ಟರಲ್ಲಿ ಕತೆ ಬೆಳೆದಿತ್ತು, ಪಾತ್ರಗಳು ಬದಲಾಗಿದ್ದವು, ಒಂದು ಇಡೀ ಸರಣಿ ಒಂದು ಮದುವೆಗಾಗಿಯೇ ಕಳೆದಿತ್ತು. ಆದರೂ ಹಳೆಯ ಯೋಜನೆಗೆ ಜೋತುಬಿದ್ದು ಕೊನೆಯ ಕಂತಿನಲ್ಲೇ ಆ ಮದುವೆ ಮುರಿದರು, ಅಷ್ಟು ವರ್ಷ ಕಾದು ಕಂಡ ತಾಯಿಯನ್ನು ಸಾಯಿಸಿದರು. ಅಲ್ಲಿ ಬರಹಗಾರರು ನಿಷ್ಠರಾಗಿದ್ದದ್ದು ಪೆಟ್ಟಿಗೆಯಲ್ಲಿಟ್ಟ ಚಿತ್ರೀಕರಣಕ್ಕೆ. 'ಸೈನ್‌ಫೆಲ್ಡ್'ನಲ್ಲಿ ನಿಷ್ಠೆ ಪಾತ್ರಗಳಿಗಿತ್ತು. ಆ ನಾಲ್ವರು ಬೀದಿಯಲ್ಲಿ ನಿಂತು ಏನು ಮಾಡಿದರೋ ಅದನ್ನಲ್ಲದೆ ಬೇರೆ ಮಾಡುವವರೇ ಅಲ್ಲ. ಒಂದು ಮುಕ್ತಾಯ ನಮಗೆ ಇಷ್ಟವಾಯಿತೇ ಎಂದು ಕೇಳುವ ಮುಂಚೆ, ಇವರು ಹೀಗೆ ಮಾಡುವವರೇ ಎಂದು ಕೇಳಬೇಕು. ಅದಕ್ಕೆ ಹೌದು ಎಂಬ ಉತ್ತರ ಬಂದರೆ ಉಳಿದದ್ದು ನಮ್ಮ ಬೇಸರ, ಕೃತಿಯ ದೋಷವಲ್ಲ.

ಲ್ಯಾರಿ ಡೇವಿಡ್ ಈ ವಾದವನ್ನು ಅಲ್ಲಿಗೇ ಬಿಡಲಿಲ್ಲ. ಅವರದೇ ಇನ್ನೊಂದು ಧಾರಾವಾಹಿ 'ಕರ್ಬ್ ಯುವರ್ ಎಂತೂಸಿಯಾಸಂ' 2024ರ ಏಪ್ರಿಲ್ 7ರಂದು ಮುಗಿದಾಗ ಮತ್ತೆ ಅದೇ ಕೋರ್ಟು, ಅದೇ ಹಳೆಯ ಸಾಕ್ಷಿಗಳ ಸಾಲು. ಈ ಸಲ ತಮ್ಮದೇ ಹೆಸರಿನ ಪಾತ್ರದಲ್ಲಿ ನಟಿಸುವ ಲ್ಯಾರಿಯ ಅಪರಾಧ, ಜಾರ್ಜಿಯಾ ರಾಜ್ಯದಲ್ಲಿ ಮತ ಹಾಕಲು ಸಾಲಿನಲ್ಲಿ ನಿಂತಿದ್ದ ಹೆಂಗಸಿಗೆ ಕುಡಿಯಲು ನೀರು ಕೊಟ್ಟದ್ದು. ಅಲ್ಲಿ ಅದಕ್ಕೆ ನಿಜವಾಗಿಯೂ ಕಾನೂನಿನ ನಿಷೇಧವಿದೆ. ಅಂದು ಸಹಾಯ ಮಾಡದ್ದಕ್ಕೆ ಶಿಕ್ಷೆ, ಇಂದು ಸಹಾಯ ಮಾಡಿದ್ದಕ್ಕೆ. ಲ್ಯಾರಿಗೆ ಜೈಲಾಗುತ್ತದೆ, ಆಮೇಲೆ ಜ್ಯೂರಿಯ ಒಬ್ಬ ಸದಸ್ಯ ನಿಯಮ ಮುರಿದನೆಂದು ವಿಚಾರಣೆಯೇ ರದ್ದಾಗಿ ಬಿಡುಗಡೆಯೂ ಆಗುತ್ತದೆ. ಅಂದೂ ಹೀಗೇ ಮುಗಿಸಬೇಕಿತ್ತಲ್ಲ ಎಂದು ಜೆರ್ರಿ ಹೇಳುವುದನ್ನು ಕೇಳಿ, ತಪ್ಪೊಪ್ಪಿಗೆ ಸಿಕ್ಕಿತೆಂದು ಅಭಿಮಾನಿಗಳು ಕುಣಿದರು. ನನಗೆ ಹಾಗೆ ಕಾಣಲಿಲ್ಲ. ಸಾಕ್ಷಿಗಳು ಹೇಳಿದ್ದರಲ್ಲಿ ಒಂದನ್ನೂ ಅವರು ಸುಳ್ಳು ಮಾಡಲಿಲ್ಲ. ನಿಯಮದ ಸಂದಿಯಲ್ಲಿ ತಪ್ಪಿಸಿಕೊಳ್ಳುವುದು ಬೇರೆ, ನಿರ್ದೋಷಿ ಎನಿಸಿಕೊಳ್ಳುವುದು ಬೇರೆ ಎಂದು ಕೋರ್ಟು ಕಂಡ ಯಾರಿಗೂ ಗೊತ್ತು.

ಕನ್ನಡದಲ್ಲಿ ಇನ್ನು ಮುಂದೆ ಹಾಸ್ಯ ಧಾರಾವಾಹಿ ಬರೆಯುವವರಿಗೆ ಈ ಕಂತು ಒಂದು ಕೆಲಸ ಹಚ್ಚಿಕೊಡುತ್ತದೆ. ಮೊದಲ ಕಂತು ಬರೆಯುವ ದಿನವೇ ಕೊನೆಯ ಕಂತಿನ ಸಾಕ್ಷಿಗಳ ಪಟ್ಟಿಯನ್ನೂ ಬರೆದಿಟ್ಟುಕೊಳ್ಳಲಿ. ಅಡುಗೆಯವನು, ತೊದಲುವ ಆಳು, ಹಾವೇರಿ ಕಡೆಯಿಂದ ಬಂದ ವಾಚ್‌ಮನ್ ಒಂದು ದಿನ ಕಟ್ಟೆ ಏರಿ ತಮ್ಮ ಕಡೆಯ ಕತೆ ಹೇಳುತ್ತಾರೆಂದು ಗೊತ್ತಿದ್ದರೆ ಅವರ ಬಾಯಿಗೆ ಹಾಕುವ ಮಾತು ಮೊದಲ ದಿನದಿಂದಲೇ ಬೇರೆಯಾಗುತ್ತದೆ. ನಗು ಕಡಿಮೆಯಾಗುವುದಿಲ್ಲ, ಗುರಿ ಬದಲಾಗುತ್ತದೆ. ಅಂಥ ಧಾರಾವಾಹಿಯ ಕೊನೆಯ ಕಂತಿಗೆ ಜನ ಬೈದರೂ ಬೈಯಲಿ. ನೋಡುಗರನ್ನು ಖುಷಿಪಡಿಸುವ ಕರಾರು ಅದಕ್ಕೆ ಹಿಂದಿನ ಎಲ್ಲ ಕಂತುಗಳಲ್ಲಿ ತೀರಿರುತ್ತದೆ. ಕೊನೆಯ ಕಂತು ಯಾರ ಮೇಲೆ ನಕ್ಕೆವೋ ಅವರಿಗೆ ಸಲ್ಲಬೇಕಾದದ್ದು.